ಒಂದು ನಿಮಿಷ, ಯಾರೂ ಅಲುಗಬೇಡಿ

ಸಿನಿಮಾ ಇಲಿಂಕಾಳದು, ಕ್ಯಾಮೆರಾ ದ್ರಾಗೋಶನದು,
ನನ್ನದು ಬರೀ ಕಿವಿ.
ಮೊಲ್ದಾವಿಯಾದ ಈ ಕಣಿವೆಗೆ ಬಂದಿಳಿದ ದಿನ
ಮಠದ ಹಿರಿಯಮ್ಮ ಮೂರು ಮಾತು ಹೇಳಿದರು:
ಪ್ರಾರ್ಥಿಸುವವಳ ಮುಖಕ್ಕೆ ದೀಪ ಹಿಡಿಯಬೇಡಿ,
ಊಟದ ಮನೆಯಲ್ಲಿ ಪ್ರಶ್ನೆ ಕೇಳಬೇಡಿ,
ಬಾಗಿಲು ಹಾಕಿಕೊಳ್ಳಿ, ಕೋಳಿ ಒಳಗೆ ಬರುತ್ತವೆ.

ಇಲ್ಲಿ ಎಲ್ಲರೂ ಮೈಕಾ. ಅಂದರೆ ಅವ್ವ.
ಇಪ್ಪತ್ತರ ಹುಡುಗಿಯೂ ಅವ್ವ, ಎಂಬತ್ತೆಂಟರವಳೂ ಅವ್ವ.

ಇಲಿಂಕಾಗೆ ಬೇಕಾದದ್ದು ಬೆಳಕು,
ಕಿಟಕಿಯಿಂದ ಓರೆಯಾಗಿ ಇಳಿದು
ಕರಿ ನಿಲುವಂಗಿಯ ಮೇಲೆ ತಂಗುವಂಥದು.
ಸಿಕ್ಕಿದ್ದು ಸೌದೆಯ ಬೆಲೆ ಏರಿದ ಮಾತು,
ಎಲೆಕೋಸಿನ ಪೀಪಾಯಿ ಸೋರುವ ಮಾತು,
ಒದೆಯುವ ಹಸುವಿಗೆ ಮೈಕಾ ಕಸಿಯಾನಾ
ನನ್ನಜ್ಜಿಯೂ ಆಡದ ಬೈಗುಳ ಬೈದು
ತಟ್ಟನೆ ಶಿಲುಬೆಯ ಗುರುತು ಹಾಕಿಕೊಂಡದ್ದು.
ಅದನ್ನು ಅಳಿಸಿಬಿಡು ಮಗಳೇ, ಎಂದರು.
ಅಳಿಸಿದೆ ಎಂದೆ.
ಅಳಿಸಿಲ್ಲ.

ಗಂಟೆಗೆ ಮೊದಲು ಇಲ್ಲಿ ಹಲಗೆ ಮಾತಾಡುತ್ತದೆ.
ಎಡ ಹೆಗಲಿಗೆ ಉದ್ದನೆಯ ಮೇಪಲ್ ಹಲಗೆ, ಬಲಗೈಲಿ ಪುಟ್ಟ ಕೊಡತಿ,
ಚರ್ಚಿನ ಸುತ್ತ ಹಿಮ ತುಳಿಯುತ್ತ
ಎಲ್ಲರಿಗಿಂತ ಕಿರಿಯ ತೆಯೊಫಾನಾ ಬಡಿಯುತ್ತಾಳೆ:
ಟಕ. ಟಕ. ಟಕ, ಟಕಟಕ.
ಬೆಟ್ಟ ಅದನ್ನೇ ಚಿಟಿಕೆಯಷ್ಟು ತಡವಾಗಿ ಹೇಳುತ್ತದೆ.
ಕೋಲಿನ ತುದಿಗೆ ತುಪ್ಪಳದ ಮೈಕು ಹಿಡಿದು ನಾನು ಹಿಂದೆ ಹಿಂದೆ.
"ಪಾಪ, ಬೆಕ್ಕನ್ನು ಯಾಕೆ ಕಟ್ಟಿದ್ದೀಯ?" ಎಂದಳು ಅವ್ವ.

ಎಲ್ಲ ಮುಗಿದ ಮೇಲೆ, ಪ್ರತಿ ಕೋಣೆಯಲ್ಲೂ
ಒಂದು ನಿಮಿಷ ಬರಿಯ ಕೋಣೆಯನ್ನು ಹಿಡಿದುಕೊಳ್ಳಬೇಕು.
ಮಾತು ಹರಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ.
ಬೇರೆಡೆ ಇದೊಂದು ಗೋಳು. ಕಾರ್ಖಾನೆಯಾಗಲಿ, ಮಂತ್ರಿಯ ಕಚೇರಿಯಾಗಲಿ
ಯಾರೋ ಕೆಮ್ಮುತ್ತಾರೆ, ಯಾರಿಗೋ ನಗು ಉಕ್ಕುತ್ತದೆ.
ಇಲ್ಲಿ, ನೇಯ್ಗೆಯ ಕೋಣೆಯಲ್ಲಿ,
"ಒಂದು ನಿಮಿಷ, ಯಾರೂ ಅಲುಗಬೇಡಿ" ಎಂದೆ.
ಹನ್ನೊಂದು ಹೆಂಗಸರು
ಹೆಪ್ಪು ಹಾಕಿಟ್ಟ ಹಾಲಿನಂತೆ ಕೂತರು.
ನಿಮಿಷ ಮುಗಿಯಿತು. ಎರಡಾಯಿತು.
ಸಾಕು ಎನ್ನಲು ನನಗೇ ನಾಲಗೆ ಏಳಲಿಲ್ಲ.

ಮೈಕಾ ಎವ್ಲಾಂಪಿಯಾ ಮಾತ್ರ ಮೊದಲ ದಿನವೇ
"ಕೈ ಬೇಕಾದರೆ ತಗೊಳ್ಳಿ, ಮುಖ ಕೊಟ್ಟಾಗಿದೆ" ಎಂದವರು.
ಯಾರಿಗೆ ಕೊಟ್ಟಿದ್ದು ಅಂತ ನಾವು ಕೇಳಲಿಲ್ಲ.
ನಲವತ್ತು ವರ್ಷ ಆ ಹಲಗೆ ಅವರದಾಗಿತ್ತು.
ಈಗ ಕಿವಿ ಹೋಗಿದೆ,
ಪಕ್ಕದವಳು ಬಂದು ಕಾಲ್ಬೆರಳು ಹಿಂಡಿದಾಗಲೇ ಬೆಳಗು.

ಕೊನೆಯ ಸಂಜೆ ನನ್ನ ಹೆಡ್‌ಫೋನಿನತ್ತ ಬೆರಳು ಮಾಡಿದರು.
ಕರಿ ವಸ್ತ್ರದ ಮೇಲೆ ಇಟ್ಟೆ. ತಲೆಯಾಡಿಸಿದರು, ಇಲ್ಲ.
ಸ್ವಲ್ಪ ಹೊತ್ತು ಯೋಚಿಸಿ, ವಸ್ತ್ರದ ಅಂಚು ಸರಿಸಿದರು.
ಬಿಸಿಲು ಕಾಣದ ಒಂದು ಕಿವಿ,
ಮಗುವಿನದರಂತೆ.
ದ್ರಾಗೋಶ ಕ್ಯಾಮೆರಾ ನೆಲಕ್ಕೆ ತಿರುಗಿಸಿದ.
ಇಲಿಂಕಾ ತುಟಿ ಕಚ್ಚಿಕೊಂಡಳು, ಏನೂ ಅನ್ನಲಿಲ್ಲ.

ನನ್ನ ಕಿವಿಯಾದರೆ ಒಡೆದುಹೋಗುವಷ್ಟು ಏರಿಸಿ
ಬೆಳಗಿನ ಹಲಗೆ ಕೇಳಿಸಿದೆ.
ಕಣ್ಣೀರು ಬರುತ್ತದೆಂದು ಕಾದೆವು, ಸುಳ್ಳು ಯಾಕೆ ಹೇಳಲಿ.
ಬಂದದ್ದು ಹುಬ್ಬುಗಂಟು.
"ಮೂರನೆಯ ಪೆಟ್ಟು ಅವಸರ.
ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಬಡಿಯುತ್ತಾಳೆ,
ಹೇಳು ಆ ಹುಡುಗಿಗೆ."
ಆಮೇಲೆ, "ಇನ್ನೊಂದು ಸಲ ಹಾಕು."
ಏಳು ಸಲ ಹಾಕಿದೆ.

ಬುಕಾರೆಸ್ಟಿನಲ್ಲಿ ಈಗ ಕತ್ತರಿಯ ಕೆಲಸ.
ಟ್ರ್ಯಾಮು ಹೋದಾಗೆಲ್ಲ ಮೇಜು ನಡುಗುತ್ತದೆ.
ಆ ಸಂಜೆಗೆ ಚಿತ್ರವಿಲ್ಲ, ನೆಲಗಂಬಳಿಯ ಒಂದು ಕೆಂಪು ಮೂಲೆ ಅಷ್ಟೆ.
ತೆಗೆದುಬಿಡೋಣ ಎಂದಳು ಇಲಿಂಕಾ. ತೆಗೆದೆವು.
ಕಸಿಯಾನಾಳ ಬೈಗುಳ ಉಳಿಯಿತು.

ರಾತ್ರಿ ತೇಪೆಗೆಂದು ನೇಯ್ಗೆ ಕೋಣೆಯ ಎರಡು ನಿಮಿಷ ತೆರೆದೆ.
ಅವರಿಗೆ ಏರಿಸಿದಷ್ಟೇ ಏರಿಸಿದೆ.
ಒಲೆ.
ಸೂರಿನಿಂದ ಜಾರಿದ ಹಿಮ.
ದೂರದಲ್ಲೊಂದು ಕೋಳಿ.
ಎಲ್ಲದರ ಅಡಿಯಲ್ಲಿ, ಮಗ್ಗದ ಮರಕ್ಕೆ ಒಂದು ಉಗುರು:
ಟಕ. ಟಕ. ಟಕ,
ಮೂರನೆಯದು ಸರಿಯಾಗಿ, ಅವಸರವಿಲ್ಲದೆ.

ಅಲುಗಬೇಡಿ ಎಂದದ್ದು ಅವರಿಗೆ ಕೇಳಿಸಿರಲಿಲ್ಲ.